ಬಾಡಿಗೆ ಅಗ್ಗ, ಸೈಟು ಅಲ್ಲ: ಹೈದರಾಬಾದ್, ಬೆಂಗಳೂರು, ಬಳ್ಳಾರಿಯಲ್ಲಿ ನಮ್ಮ ಮನೆ ಲೆಕ್ಕ

ಅಕ್ಕನ ಮಗನಿಗೆ ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ಬೆಂಗಳೂರಿನಲ್ಲಿ, ಕೈಗೆ 35,000. ಇನ್ನೊಂದು ಇಲ್ಲೇ ತೋರಣಗಲ್ಲಿನ ಕಡೆ, ಕಾಂಟ್ರಾಕ್ಟ್ ಕೆಲಸ, 22,000. ಹೊಸಪೇಟೆಯಿಂದ ಫೋನ್ ಮಾಡಿ, "ಚಿಕ್ಕಮ್ಮ, ನೀವು ಮೂರು ಊರು ನೋಡೀರಿ. ಎಲ್ಲಿಗೆ ಹೋಗ್ಲಿ ಹೇಳ್ರಿ" ಅಂದ. ಬಾಯಿಗೆ ಬಂದದ್ದು ಹೇಳಲು ಮನಸ್ಸಾಗಲಿಲ್ಲ. ಮದುವೆಯಾದಾಗಿನಿಂದ ಮನೆ ಖರ್ಚು ಬರೆದಿಟ್ಟ ಪುಸ್ತಕಗಳು ಅಟ್ಟದ ಮೇಲಿದ್ದವು. ಇಳಿಸಿ, ಧೂಳು ಕೊಡವಿ, ಕ್ಯಾಲ್ಕುಲೇಟರ್ ಹಿಡಿದು ಕೂತೆ. ಎರಡು ಭಾನುವಾರ ಬೇಕಾಯಿತು.

ನಮ್ಮ ಮನೆಯವರು ಅಕೌಂಟೆಂಟ್. ಟ್ಯಾಲಿ, ಜಿಎಸ್‌ಟಿ ಕೆಲಸ. ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಇವೆರಡೂ ಯಾವ ಊರಿಗೆ ಹೋದರೂ ಸಿಗುವ ಕೆಲಸ, ಹಾಗಾಗಿ ಊರಿಗೂ ಊರಿಗೂ ಹೋಲಿಸಲು ಸುಲಭ. 2017ರಿಂದ 2021ರ ಆಗಸ್ಟ್‌ವರೆಗೆ ಹೈದರಾಬಾದ್‌ನಲ್ಲಿದ್ದೆವು. ಆಮೇಲೆ 2024ರ ಮೇವರೆಗೆ ಬೆಂಗಳೂರು. ಆ ಜೂನ್‌ನಿಂದ ಬಳ್ಳಾರಿ. ವರ್ಷಗಳು ಬೇರೆ ಬೇರೆ, ಆದ್ದರಿಂದ ಬರೀ ಬಾಡಿಗೆಯ ಮೊತ್ತ ಹೋಲಿಸಿದರೆ ಪ್ರಯೋಜನವಿಲ್ಲ. ಇಬ್ಬರ ಸಂಬಳ ಸೇರಿಸಿ, ಅದರಲ್ಲಿ ನೂರಕ್ಕೆ ಎಷ್ಟು ಮನೆಗೆ ಹೋಯಿತು ಅಂತ ನೋಡಿದೆ.

ಹೈದರಾಬಾದ್‌ನಲ್ಲಿ ನಮ್ಮ ಮನೆ ಮಿಯಾಪುರದ ಹತ್ತಿರ. ಎರಡು ಬೆಡ್‌ರೂಮಿನ ಫ್ಲ್ಯಾಟ್. 2018ರ ಪುಸ್ತಕದಲ್ಲಿ ಬಾಡಿಗೆ 11,000, ಮೇಂಟೆನೆನ್ಸ್ 1,200 ಅಂತ ಬರೆದಿದೆ. ಅವರಿಗೆ 36,000, ನನಗೆ 16,000, ಒಟ್ಟು 52,000. ಅಂದರೆ ನೂರಕ್ಕೆ 23 ರೂಪಾಯಿ ಮನೆಗೆ. ನಾವು ಹೋದ ವರ್ಷವೇ ನವೆಂಬರ್‌ನಲ್ಲಿ ಮಿಯಾಪುರದಿಂದ ಮೆಟ್ರೊ ಶುರುವಾಯಿತು. ಅವರ ಆಫೀಸ್ ಅಮೀರ್‌ಪೇಟೆಯಲ್ಲಿ, ಅದೇ ಲೈನ್. ಇನ್ನು ಭಾಷೆ. ಬಳ್ಳಾರಿಯಲ್ಲಿ ಬೆಳೆದವರಿಗೆ ತೆಲುಗು ಹೊಸದಲ್ಲ ಅಲ್ವಾ? ಪಕ್ಕದ ಮನೆಯವರ ಜೊತೆ ಚಿಕ್ಕಂದಿನಿಂದ ಮಾತಾಡಿದ್ದೇ ತೆಲುಗು. ಶಾಲೆಯ ಇಂಟರ್‌ವ್ಯೂನಲ್ಲಿ ಅದೇ ನನ್ನ ಕೈ ಹಿಡಿಯಿತು.

ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಅಡ್ವಾನ್ಸ್ ವಿಷಯ. ಎರಡೇ ತಿಂಗಳ ಬಾಡಿಗೆ, 22,000. ಬಿಡುವಾಗ ಮನೆ ಓನರ್, "ಕೊನೆ ಎರಡು ತಿಂಗಳು ಬಾಡಿಗೆ ಕೊಡಬೇಡಿ, ಲೆಕ್ಕ ಸರಿಹೋಯಿತು" ಅಂದರು. ಅಷ್ಟೇ. ಆ ವರ್ಷ ತಿಂಗಳಿಗೆ 14,000 ಉಳಿಸಿದ್ದೇವೆ. ಈವರೆಗಿನ ಪುಸ್ತಕಗಳಲ್ಲಿ ಅದೇ ದೊಡ್ಡ ಅಂಕಿ. ಆದರೆ ಆಗ ಮಗಳು ಹುಟ್ಟಿರಲಿಲ್ಲ. ಅದನ್ನು ಮರೆತು ಹೈದರಾಬಾದ್ ಗೆದ್ದಿತು ಅಂದರೆ ತಪ್ಪಾಗುತ್ತದೆ. ಮಗಳು ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟೆ, ಉಳಿತಾಯವೂ ನಿಂತಿತು.

ಬೆಂಗಳೂರಿಗೆ ಹೋದದ್ದು ಅವರಿಗೆ ಒಳ್ಳೆಯ ಸಂಬಳ ಬಂತು ಅಂತ. ದಾಸರಹಳ್ಳಿಯಲ್ಲಿ ಎರಡು ಬೆಡ್‌ರೂಮಿನ ಮನೆ, 2021ರಲ್ಲಿ 14,000. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಬೇಡಿಕೊಂಡು 1,20,000ಕ್ಕೆ ಇಳಿಸಿದೆವು. ಹೈದರಾಬಾದ್‌ನಿಂದ ಸಾಮಾನು ತಂದ ಲಾರಿ ಖರ್ಚು ಬೇರೆ ಇತ್ತು. ನನ್ನ ಸರ ಅಡವಿಟ್ಟು ದುಡ್ಡು ಹೊಂದಿಸಿದೆವು.

11 ತಿಂಗಳ ಅಗ್ರಿಮೆಂಟ್. ಬಾಡಿಗೆ ಕರಾರು ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ, ಅದಕ್ಕೇ ಈ 11ರ ಲೆಕ್ಕ. ವರ್ಷಕ್ಕೆ ನೂರಕ್ಕೆ 5 ಏರಿಸುವುದು ಅಂತ ಬರೆದಿತ್ತು. ಮೊದಲ ಸಲ ಹಾಗೇ 14,700 ಆಯಿತು. 2023ರ ಹೊತ್ತಿಗೆ ಕಂಪನಿಗಳು ಎಲ್ಲರನ್ನೂ ಮತ್ತೆ ಆಫೀಸಿಗೆ ಕರೆದಿದ್ದವು, ಮನೆ ಹುಡುಕುವವರು ಒಮ್ಮೆಲೇ ಜಾಸ್ತಿಯಾದರು. ಓನರ್ 20,000 ಅಂದರು. "ಇಷ್ಟ ಇಲ್ದಿದ್ರೆ ಬಿಡಿ, ನಾಳೆನೇ ಬರೋರಿದ್ದಾರೆ" ಅಂದರು. ನಿಜವೇ, ಬರುವವರಿದ್ದರು. ಕೊನೆಗೆ 17,500ಕ್ಕೆ ಒಪ್ಪಿಸಿದೆವು. ಸಂಬಳ ಆ ವರ್ಷ ಏರಿದ್ದು ನೂರಕ್ಕೆ 8. ಬಾಡಿಗೆ ಏರಿದ್ದು ನೂರಕ್ಕೆ 19.

ಮನೆ ಬಿಟ್ಟ ದಿನ ನನಗೆ ಇವತ್ತಿಗೂ ಕಣ್ಣ ಮುಂದಿದೆ. ಸಾಮಾನೆಲ್ಲ ಲಾರಿಗೆ ಹೋಗಿತ್ತು. ಖಾಲಿ ಹಾಲ್‌ನಲ್ಲಿ ಓನರ್ ಮೊಬೈಲ್ ಟಾರ್ಚ್ ಹಾಕಿ ಗೋಡೆ ಗೋಡೆ ನೋಡುತ್ತಾ ನಡೆದರು. ಕ್ಯಾಲೆಂಡರ್‌ಗೆ ಹೊಡೆದ ಮೊಳೆ, ದೇವರ ಫೋಟೊ ಮೊಳೆ, ಸ್ಟೀಲ್ ಸ್ಟ್ಯಾಂಡ್ ಉಜ್ಜಿದ ಗುರುತು. ಒಂದೊಂದಕ್ಕೂ ಬೆರಳಿಟ್ಟು ತೋರಿಸಿದರು. ಅಡುಗೆಮನೆಯ ಎರಡು ನಲ್ಲಿ ತಿರುಗಿಸಿ, ತೊಟ್ಟಿಕ್ಕುವುದನ್ನು ನಿಂತು ನೋಡಿದರು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 17,500, ಕ್ಲೀನಿಂಗ್‌ಗೆ 2,000, ನಲ್ಲಿಗೆ 1,200. ಒಟ್ಟು 20,700 ಹಿಡಿದುಕೊಂಡು 99,300 ವಾಪಸ್ ಕೊಟ್ಟರು. ನಾವು ಹೋದಾಗಲೂ ಆ ಗೋಡೆಗೆ ಹೊಸ ಬಣ್ಣ ಇರಲಿಲ್ಲ. ಹೇಳಿದರೆ ಕೇಳುವವರು ಯಾರು? ಫೋಟೊ ತೆಗೆದಿಟ್ಟಿರಲಿಲ್ಲ. ಅವತ್ತು ಮಗಳ ಮುಂದೆ ಅಳು ತಡೆದುಕೊಂಡೆ.

ಆ 20,700ನ್ನು ನಾವಿದ್ದ 33 ತಿಂಗಳಿಗೆ ಹಂಚಿದರೆ ತಿಂಗಳಿಗೆ 627. ಇನ್ನು 1,20,000 ಬ್ಯಾಂಕಿನಲ್ಲಿದ್ದಿದ್ದರೆ, ನೂರಕ್ಕೆ 6ರಂತೆ ಹಿಡಿದರೂ ತಿಂಗಳಿಗೆ 600 ಬಡ್ಡಿ ಬರುತ್ತಿತ್ತು. ಅಂದರೆ ಬಾಡಿಗೆ ರಸೀದಿಯಲ್ಲಿ ಕಾಣದ 1,200 ರೂಪಾಯಿ ಪ್ರತಿ ತಿಂಗಳೂ ಹೋಗಿದೆ. ಊರಿಂದ ಊರಿಗೆ ಬಾಡಿಗೆ ಹೋಲಿಸುವವರು ಇದನ್ನು ಸೇರಿಸುವುದೇ ಇಲ್ಲ.

ಕೊನೆಯ ವರ್ಷದ ಬೆಂಗಳೂರು ಲೆಕ್ಕ ಹೀಗಿದೆ. ಪಿಎಫ್ ಕಳೆದು ಅವರ ಕೈಗೆ 46,000, ನನಗೆ 20,000, ಒಟ್ಟು 66,000. ಬಾಡಿಗೆ, ನೀರು ಸೇರಿ 18,500. ಮಗಳ ಡೇ ಕೇರ್ 5,500, ಶಾಲೆ ಫೀಸ್ 4,000. ರೇಷನ್, ಹಾಲು, ತರಕಾರಿ 13,000. ಓಡಾಟ 3,500. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಬಿಎಂಟಿಸಿ ಪಾಸಿನ 1,050 ಉಳಿಯಿತು, ಇಲ್ಲದಿದ್ದರೆ ಇನ್ನೂ ಜಾಸ್ತಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಬಂದು ಹೋಗುವುದು, ಬರುವಾಗ ಕೈಯಲ್ಲಿ ಏನಾದರೂ ತರುವುದು, ಅದಕ್ಕೆ 3,000. ಗ್ಯಾಸು, ಫೋನು 3,500. ಆಸ್ಪತ್ರೆ, ಬಟ್ಟೆಬರೆ 5,000. ಉಳಿದದ್ದು 10,000.

ಬಳ್ಳಾರಿಗೆ ಬರೋಣ. ಬಂದದ್ದು ಅತ್ತೆಗೋಸ್ಕರ. ಸಿರುಗುಪ್ಪ ತಾಲ್ಲೂಕಿನ ಹಳ್ಳಿಯಲ್ಲಿ ಒಬ್ಬರೇ ಇದ್ದರು. ಬೆಂಗಳೂರಿಗೆ ಎಷ್ಟು ಕರೆದರೂ ಬರಲಿಲ್ಲ. ಬಳ್ಳಾರಿ ಅಂದ ತಕ್ಷಣ ಒಪ್ಪಿದರು. ಕಪ್ಪಗಲ್ ರಸ್ತೆ ಕಡೆ ಮೊದಲ ಮಹಡಿಯಲ್ಲಿ ಮನೆ ಸಿಕ್ಕಿತು. ಎರಡು ಬೆಡ್‌ರೂಮ್, ದೊಡ್ಡ ಹಾಲ್, ಮೇಲೆ ಮಾಳಿಗೆ. ಬಾಡಿಗೆ 8,500, ಅಡ್ವಾನ್ಸ್ 50,000. ಪೇಂಟಿಂಗ್ ಮಾತೇ ಇಲ್ಲ. ಬ್ರೋಕರ್ ಕೂಡ ಇರಲಿಲ್ಲ, 'ಮನೆ ಬಾಡಿಗೆಗೆ ಇದೆ' ಅನ್ನುವ ಬೋರ್ಡ್ ನೋಡಿ ಗೇಟ್ ತಟ್ಟಿದೆವು. "ಯಾರ ಪೈಕಿ, ಏನು ತಿಂತೀರಿ" ಅಂತ ಮಾತ್ರ ಕೇಳಿದರು. ಮೂರೂ ಊರಲ್ಲಿ ಕೇಳಿದ್ದಾರೆ ಇದನ್ನು. ಬಾಡಿಗೆ ಸರಿಯಾಗಿ ಕೊಡುವವರನ್ನು ಇದನ್ನು ಯಾಕೆ ಕೇಳಬೇಕು? ನನಗೆ ಎಲ್ಲಿಯೂ ಸರಿ ಅನಿಸಲಿಲ್ಲ.

ಸಂಬಳ ಬಿದ್ದದ್ದು ನೋಡಿ. ಅವರಿಗೆ 31,000, ಅದೂ ಒಂದು ವರ್ಷ 30,000ಕ್ಕೆ ದುಡಿದ ಮೇಲೆ. ನನಗೆ 12,000. ಅದೇ ಪಾಠ, ಅದೇ ತರಗತಿ, ಅಷ್ಟೇ ಮಕ್ಕಳು. ಒಟ್ಟು 43,000. ಬೆಂಗಳೂರಿಗಿಂತ 23,000 ಕಡಿಮೆ. ಗಂಡನ ಸಂಬಳ ಎಷ್ಟು ಕಡಿಮೆಯಾಗುತ್ತದೆ ಅಂತ ಎಲ್ಲರೂ ಯೋಚಿಸುತ್ತಾರೆ. ಹೆಂಡತಿಯ ಸಂಬಳ ಎಷ್ಟು ಕಡಿಮೆಯಾಗುತ್ತದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಅವರದ್ದು ಮೂರನೇ ಒಂದು ಭಾಗ ಹೋಯಿತು, ನನ್ನದು ನೂರಕ್ಕೆ 40.

ಆದರೂ ಬಾಡಿಗೆ ನೂರಕ್ಕೆ 20 ಅಷ್ಟೇ. ಬೆಂಗಳೂರಲ್ಲಿ 28 ಇತ್ತು, ಆ ಕಾಣದ 1,200 ಸೇರಿಸಿದರೆ 30. ಡೇ ಕೇರ್ ಖರ್ಚು ಪೂರ್ತಿ ಹೋಯಿತು, ಮಗಳು ಅಜ್ಜಿ ಹತ್ತಿರ ಇರುತ್ತಾಳೆ. ಅಕ್ಕಿ ಸಿರುಗುಪ್ಪದ ಸೋನಾಮಸೂರಿ, ಹಳ್ಳಿಯಿಂದಲೇ ಬರುತ್ತದೆ. ಹಾಗಾಗಿ ರೇಷನ್, ಹಾಲು, ತರಕಾರಿ 10,000. ಪೆಟ್ರೋಲ್ 1,500, ಫೀಸ್ 2,500, ಗ್ಯಾಸು, ಫೋನು 3,000, ಇತರೆ 5,000, ಕುಡಿಯುವ ನೀರಿನ ಕ್ಯಾನ್ ಸೇರಿ ಸಣ್ಣಪುಟ್ಟ 500. ಉಳಿಯುವುದು 12,000. ಸಂಬಳ 23,000 ಇಳಿದರೂ ಉಳಿತಾಯ 2,000 ಏರಿದೆ. ಮೊದಲ ಸಲ ಈ ಅಂಕಿ ನೋಡಿದಾಗ ತಪ್ಪು ಕೂಡಿದೆ ಅಂತ ಮತ್ತೆ ಕೂಡಿದೆ.

ಕಷ್ಟ ಇಲ್ಲವೆಂದಲ್ಲ. ನಲ್ಲಿ ನೀರು ನಮ್ಮ ಬೀದಿಗೆ ಎಂಟು ಹತ್ತು ದಿನಕ್ಕೊಮ್ಮೆ. ಬರುವ ಹೊತ್ತಿಗೂ ಗೊತ್ತುಗುರಿ ಇಲ್ಲ. ಮಧ್ಯರಾತ್ರಿ ಒಂದು ಗಂಟೆಗೆ ಕೆಳಗಿನ ಮನೆ ಅಜ್ಜಿ, "ನೀರು ಬಿಟ್ಟಾರೆ, ಏಳವ್ವ, ಮೋಟರ್ ಹಾಕು" ಅಂತ ಕೂಗುತ್ತಾರೆ. ಕಣ್ಣುಜ್ಜಿಕೊಂಡು ಇಳಿದು, ಸಂಪಿನ ಮುಚ್ಚಳ ಸರಿಸಿ, ಟಾರ್ಚ್ ಬಿಟ್ಟು ಎಷ್ಟು ತುಂಬಿದೆ ನೋಡಬೇಕು. ಮೊದಲು ಬರುವ ನೀರು ಕೆಂಪಗಿರುತ್ತದೆ, ಅದನ್ನು ಹೊರಗೆ ಬಿಡಬೇಕು. ಬೆಳಗ್ಗೆ ಎಂಟಕ್ಕೆ ಶಾಲೆಯಲ್ಲಿ ನಿಂತಾಗ ಕಣ್ಣು ಉರಿಯುತ್ತವೆ. ಮನೆ ನೋಡಲು ಹೋದಾಗ ಸಂಪು ಎಷ್ಟು ಲೀಟರಿನದು ಅಂತ ಮೊದಲು ಕೇಳಿ. ಬೆಡ್‌ರೂಮ್ ಆಮೇಲೆ ನೋಡಿ.

ಬಿಸಿಲು ಇನ್ನೊಂದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಮೇಲೆ ಕಾದ ಮಾಳಿಗೆ. ಅತ್ತೆಗೆ ಅಂತ ಒಂದು ಎಸಿ ಹಾಕಿಸಿದೆವು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆ ತಿಂಗಳು ಜೆಸ್ಕಾಂ ಬಿಲ್ 1,800 ಮೇಲೆ ಬಂತು. ಬೆಂಗಳೂರಲ್ಲಿ ಫ್ಯಾನ್ ಸಾಕಾಗಿತ್ತು.

ಇನ್ನೊಂದು ಸತ್ಯ ಹೇಳದಿದ್ದರೆ ನನ್ನ ಲೆಕ್ಕ ಮೋಸದ್ದಾಗುತ್ತದೆ. ಅದು ಪಿಎಫ್. ಬೆಂಗಳೂರಿನ ಕಂಪನಿ ತಿಂಗಳಿಗೆ 1,800 ಹಿಡಿದು ತಾನೂ 1,800 ಹಾಕುತ್ತಿತ್ತು. ಇಲ್ಲಿ ಅವರು ಕೆಲಸ ಮಾಡುವ ಜಾಗದಲ್ಲಿ 20 ಜನ ಇಲ್ಲ, ಹಾಗಾಗಿ ಪಿಎಫ್ ಕಾನೂನು ಅನ್ವಯಿಸುವುದಿಲ್ಲ. ಆ 3,600 ಸೇರಿಸಿದರೆ ಬೆಂಗಳೂರಿನ ಉಳಿತಾಯ 13,600. ಬಳ್ಳಾರಿಯದು 12,000. ಗೆದ್ದೆವು ಅಂದುಕೊಂಡ ಕಡೆ ಸೋತಿದ್ದೆವು. ಜೊತೆಗೆ ಅಲ್ಲಿ ವರ್ಷ ವರ್ಷ ಸಂಬಳ ಏರುತ್ತಿತ್ತು, ಇಲ್ಲಿ ಕೇಳಿದರೆ ಮಾತ್ರ ಸಾವಿರ ರೂಪಾಯಿ.

ಸರ್ಕಾರಿ ಕೆಲಸದವರ ಕಥೆ ಬೇರೆ. ಕೇಂದ್ರ ಸರ್ಕಾರಿ ನೌಕರರಿಗೆ 7ನೇ ವೇತನ ಆಯೋಗದ ಲೆಕ್ಕದಲ್ಲಿ ಮನೆ ಬಾಡಿಗೆ ಭತ್ಯೆ ಬೆಂಗಳೂರಲ್ಲಿ ಮೂಲ ವೇತನದ ನೂರಕ್ಕೆ 30, ಬಳ್ಳಾರಿಯಲ್ಲಿ 10. ಮೂಲ ವೇತನ 35,400 ಇದ್ದರೆ ಅಲ್ಲಿ 10,620, ಇಲ್ಲಿ 3,540. ಭತ್ಯೆ 7,080 ಕಡಿಮೆ, ಆದರೆ ನಮ್ಮಂಥ ಮನೆಯ ಬಾಡಿಗೆ 9,000 ಕಡಿಮೆ. ಮೂಲ ವೇತನಕ್ಕೆ ಧಕ್ಕೆಯಿಲ್ಲ. ಅಂಥವರು ಬಳ್ಳಾರಿಗೆ ವರ್ಗ ಸಿಕ್ಕರೆ ಕಣ್ಣುಮುಚ್ಚಿ ಬರಬಹುದು. ಕೊಪ್ಪಳ, ರಾಯಚೂರಿಗೂ ಇದೇ ಮಾತು. ನನ್ನ ತಮ್ಮ ಗಿಣಿಗೇರಾದ ಫ್ಯಾಕ್ಟರಿಯಲ್ಲಿದ್ದಾನೆ, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮನೆ. ಬಾಡಿಗೆ 6,500, ನಮಗಿಂತಲೂ ಕಡಿಮೆ.

ನನಗೆ ನಿಜವಾಗಿ ನೋವಾದದ್ದು ಸೈಟಿನ ಲೆಕ್ಕದಲ್ಲಿ. ಬಾಡಿಗೆ ಇಷ್ಟು ಅಗ್ಗ ಇರುವ ಊರಲ್ಲಿ ಒಂದು ಸೈಟ್ ಆದರೂ ಮಾಡೋಣ ಅಂತ ಆರು ತಿಂಗಳು ಸುತ್ತಿದೆವು. ಊರ ಹೊರಗಿನ ಲೇಔಟ್‌ನಲ್ಲಿ 30×40 ಸೈಟಿಗೆ 28 ಲಕ್ಷ ಹೇಳಿದರು. ನಮ್ಮಿಬ್ಬರ 65 ತಿಂಗಳ ಪೂರ್ತಿ ಸಂಬಳ, ಒಂದು ಹೊತ್ತೂ ಊಟ ಮಾಡದೆ. ಬೆಂಗಳೂರಲ್ಲಿದ್ದಾಗ ನೆಲಮಂಗಲದ ಆಚೆ ನೋಡಿದ ಅಷ್ಟೇ ಅಳತೆಯ ಸೈಟು 45 ಲಕ್ಷ. ಅಲ್ಲಿಯ ಸಂಬಳದಲ್ಲಿ 68 ತಿಂಗಳು. ವ್ಯತ್ಯಾಸ ಬರೀ ಮೂರು ತಿಂಗಳು! ಬಾಡಿಗೆ ಅರ್ಧ, ಸೈಟು ಮಾತ್ರ ಸಂಬಳಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ ದುಬಾರಿ. ಸಾಲ ಮಾಡೋಣ ಅಂದರೆ, 25 ಲಕ್ಷಕ್ಕೆ 20 ವರ್ಷ, ನೂರಕ್ಕೆ 8.5 ಬಡ್ಡಿಯಲ್ಲಿ ಕಂತು 21,700. ನಮ್ಮ ಬಾಡಿಗೆಯ ಎರಡೂವರೆ ಪಟ್ಟು. ಅಷ್ಟು ಕೊಟ್ಟರೂ ಖಾಲಿ ನೆಲ ಅಷ್ಟೇ. ಈ ಊರಲ್ಲಿ ಎರಡು ಥರದ ಸಂಬಳ ಇದೆ. ಗಣಿ, ಉಕ್ಕು, ದೊಡ್ಡ ವ್ಯಾಪಾರದ ದುಡ್ಡು ಒಂದು. ಅಂಗಡಿ, ಜೀನ್ಸ್ ಯೂನಿಟ್, ಖಾಸಗಿ ಶಾಲೆಯ ಸಂಬಳ ಇನ್ನೊಂದು. ಬಾಡಿಗೆ ನಮ್ಮ ಸಂಬಳಕ್ಕೆ ತಕ್ಕಂತೆ ನಿಲ್ಲುತ್ತದೆ, ನೆಲದ ಬೆಲೆ ಅವರ ದುಡ್ಡಿಗೆ ತಕ್ಕಂತೆ ಏರುತ್ತದೆ.

ಭೋಗ್ಯದ ದಾರಿಯೂ ನೋಡಿದೆವು. ಇಂಥದ್ದೇ ಮನೆಗೆ 6 ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ. ನೂರಕ್ಕೆ 7ರ ಬಡ್ಡಿ ಹಿಡಿದರೆ ತಿಂಗಳಿಗೆ 3,500 ಬಿದ್ದಂತೆ, ಲಾಭವೇ. ಆದರೆ ಅವಧಿ ಮುಗಿದಾಗ ದುಡ್ಡು ಕೈಗೆ ಬರುತ್ತದೆಯೇ ಅನ್ನುವ ಭಯ ಇದ್ದೇ ಇದೆ. ರಿಜಿಸ್ಟರ್ ಮಾಡಿಕೊಡುತ್ತೇವೆ ಅನ್ನುವ ಓನರ್ ನಮಗೆ ಸಿಗಲಿಲ್ಲ. ಬಿಟ್ಟೆವು.

ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು. ಬೆಂಗಳೂರಿಗೆ ಹೋಗು, ಆದರೆ ಮನೆ ಮಾಡಬೇಡ. ಊಟ ಸೇರಿ 9,000ಕ್ಕೆ ಪಿಜಿ ಸಿಗುತ್ತದೆ, ಹತ್ತು ತಿಂಗಳ ಅಡ್ವಾನ್ಸ್ ತಲೆನೋವಿಲ್ಲ. ಮದುವೆಯಾಗುವವರೆಗೆ ಅಲ್ಲಿ ದುಡಿ. ಸೈಟ್ ಬೇಕಿದ್ದರೆ ಆ ಸಂಬಳದಲ್ಲೇ ಇಲ್ಲಿ ಕೊಂಡು ಹಾಕು. ಇಲ್ಲಿಗೆ ಬಂದು ದುಡಿದು ಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ, ನಾವು ನೋಡಿದ್ದೇವೆ. ಯಾವ ರೂಮಿಗೆ ಹೋದರೂ ಮೊದಲ ದಿನವೇ ನಾಲ್ಕೂ ಗೋಡೆಯ ಫೋಟೊ ತೆಗೆದಿಟ್ಟುಕೋ.

"ಹಂಗಾದ್ರೆ ನೀವ್ಯಾಕೆ ವಾಪಸ್ ಬಂದ್ರಿ?" ಅಂದ. ಆಗ ಸಂಜೆ ಆರು ಗಂಟೆ. ಅವರು ಆಗಲೇ ಮನೆಗೆ ಬಂದಿದ್ದರು, ಅತ್ತೆ ಮಗಳಿಗೆ ಮಂಡಕ್ಕಿ ಒಗ್ಗರಣೆ ಹಾಕಿ ಕೊಡುತ್ತಿದ್ದರು. ಬೆಂಗಳೂರಲ್ಲಿ ಆ ಹೊತ್ತಿಗೆ ಮಗಳು ಇನ್ನೂ ಡೇ ಕೇರ್‌ನ ಗೇಟ್ ಹಿಡಿದು ನಿಂತಿರುತ್ತಿದ್ದಳು. ಅದಕ್ಕೆ ಪುಸ್ತಕದಲ್ಲಿ ಅಂಕಣ ಇಲ್ಲ ಕಣೋ ಅಂದೆ. ನಾವು ಇಲ್ಲೇ ಇರುತ್ತೇವೆ. ಪಿಎಫ್ ಹೋದ ಜಾಗಕ್ಕೆ ಈ ತಿಂಗಳು ಪೋಸ್ಟ್ ಆಫೀಸಿನಲ್ಲಿ ಪಿಪಿಎಫ್ ಖಾತೆ ತೆರೆದಿದ್ದೇವೆ, ತಿಂಗಳಿಗೆ 3,600.