ಮೋಸಂಬಿ ಗಿಡ ಸವರಿಕೊಡ್ತೀನಿ ಅಂತ ಬಂದರೆ ಗೇಟ್ ತೆಗೆಯಬೇಡಿ

ಮೊನ್ನೆ ಭಾನುವಾರ, ನಮ್ಮ ಮೋಸಂಬಿ ಗಿಡ ಸವರಿ ಹಾಳು ಮಾಡಿದ ಆತ ಮತ್ತೆ ನಮ್ಮ ಹಿಂದಿನ ಬೀದಿಯಲ್ಲಿ ಕತ್ತರಿ, ಕ್ಯಾನು ಹಿಡಿದು ಓಡಾಡುತ್ತಿದ್ದ. ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟು ದಿನ ನಾಚಿಕೆಯಿಂದ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಹಿತ್ತಲಲ್ಲಿ ಅಮ್ಮ ನೆಟ್ಟ ಮೋಸಂಬಿ ಗಿಡ ಇತ್ತು. ಕಸಿ ಗಿಡ. ಹಣ್ಣು ಬಿಡುತ್ತಿತ್ತು, ಆದರೆ ಸಣ್ಣದು, ರಸ ಕಡಿಮೆ. ಎಲೆಯ ನರ ಹಸಿರು, ನರಗಳ ನಡುವೆ ಹಳದಿ. ಸವರಿ ಟಾನಿಕ್ ಹಾಕಿದರೆ ಹಣ್ಣು ದಪ್ಪ ಆಗುತ್ತೆ ಅಂದ. 4,500 ರೂಪಾಯಿ. ಪೂರ್ತಿ ಮುಂಗಡ ಕೊಟ್ಟೆ. ಬಾಟಲಿ ಮೇಲೆ ಲೇಬಲ್ ಕೂಡ ಇರಲಿಲ್ಲ!

ಬುಡದಲ್ಲಿ, ಮಣ್ಣಿನಿಂದ ಒಂದು ಗೇಣು ಮೇಲೆ, ಎರಡು ಚಿಗುರು ನೆಟ್ಟಗೆ ಎದ್ದಿದ್ದವು. ಹೆಬ್ಬೆರಳು ದಪ್ಪ, ಮೈತುಂಬ ಮುಳ್ಳು. "ಇವು ಶಕ್ತಿ ಕೊಂಬೆ ಸಾರ್, ಮುಟ್ಟಬಾರದು" ಅಂದ. ಮೇಲಿನ ಹಳೇ ಕೊಂಬೆಗಳನ್ನೆಲ್ಲ ಬೋಳಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಕಾಫಿ ಬೇರೆ ಕೊಟ್ಟೆ.

ಬೋಳಿಸಿದ ಭಾಗ ಒಣಗಿತು. ಮುಳ್ಳಿನ ಚಿಗುರು ಮಾತ್ರ ಹಸಿರಾಗಿ ಉಕ್ಕಿತು. ಫೋಟೋ ಕಳಿಸಿದೆ. "ನೋಡಿದ್ರಾ ಸಾರ್, ನಾನು ಹೇಳಿರಲಿಲ್ವಾ" ಅಂತ ಉತ್ತರ. ಆ ಖುಷಿಯಲ್ಲಿ ಇನ್ನೊಂದು ಬಾಟಲಿಗೆ 1,200 ಕೊಟ್ಟೆ.

ಎರಡು ವರ್ಷ ಕಾದು, ಹೋದ ತಿಂಗಳು ಮೊದಲ ಹಣ್ಣು ಕಿತ್ತೆವು. ನಿಂಬೆಗಿಂತ ಸ್ವಲ್ಪ ದೊಡ್ಡದು. ಸಿಪ್ಪೆ ಸಡಿಲ. ಕೊಯ್ದರೆ ಒಳಗೆ ಕಿತ್ತಳೆ ಬಣ್ಣ. ಅಮ್ಮ ಒಂದು ತೊಳೆ ಬಾಯಿಗಿಟ್ಟು ಮುಖ ಕಿವುಚಿದರು. "ಇದು ನನ್ನ ಗಿಡದ್ದಲ್ಲ ಕಣೋ" ಅಂದರು. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು.

ಅದು ರಂಗಪುರ ನಿಂಬೆ. ಮೋಸಂಬಿ ಕಸಿ ಮಾಡುವುದೇ ಇಂಥ ಗಿಡದ ಬೇರಿನ ಮೇಲೆ. ಕಸಿ ಗಂಟಿನ, ಅಂದರೆ ಬೇರಿನ ಗಿಡಕ್ಕೆ ಮೋಸಂಬಿ ಕೂಡಿಸಿದ ಜಾಗದ, ಕೆಳಗಿಂದ ಬಂದ ಚಿಗುರು ಬೇರಿನ ಗಿಡದ್ದು, ಹುಳಿ ಹಣ್ಣೇ ಬಿಡುತ್ತದೆ. ಅದನ್ನು ಕಂಡ ಕೂಡಲೇ ಕಿತ್ತು ಹಾಕಬೇಕು. ಆತ ಅದನ್ನು ಉಳಿಸಿ, ಮೋಸಂಬಿಯನ್ನು ಕಡಿದ. ಮೋಸಂಬಿಯನ್ನೇ ಕಡಿದ!

ಫೋನ್ ಮಾಡಿದೆ. ಮೊದಲು "ಮಣ್ಣಿನ ದೋಷ ಸಾರ್". ಆಮೇಲೆ "ಮೊದಲ ಫಸಲು ಹುಳಿನೇ ಇರುತ್ತೆ". ಕಸಿ ಗಂಟಿನ ಮಾತು ಎತ್ತಿದೆ. "ಗಿಡ ಇದೆಯಲ್ವಾ, ಹಣ್ಣು ಬಿಟ್ಟಿದೆಯಲ್ವಾ, ಇನ್ನೇನು ಬೇಕು ನಿಮಗೆ?" ಅಂದ. ಆ ಧ್ವನಿ ಇನ್ನೂ ಕಿವಿಯಲ್ಲಿದೆ. ಮತ್ತೆ ಫೋನ್ ಎತ್ತಲೇ ಇಲ್ಲ.

ನಮ್ಮ ಗಿಡಕ್ಕೆ ಇದ್ದದ್ದು ಸತುವಿನ ಕೊರತೆ ಅಂತ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹಳೇ ಫೋಟೋ ನೋಡಿ ಹೇಳಿದರು. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಬೆರೆಸಿ ಹೊಸ ಎಲೆಗೆ ಸಿಂಪಡಿಸಿದ್ದರೆ ಸಾಕಿತ್ತು. ಗೊಬ್ಬರ ಕಾಂಡಕ್ಕೆ ತಾಗಿಸದೆ, ಎಲೆಯ ನೆರಳು ಮುಗಿಯುವ ಕಡೆ ಸುತ್ತ ಹಾಕಬೇಕಿತ್ತು. ಅಷ್ಟೇ.

ಇವತ್ತೇ ನಿಮ್ಮ ಗಿಡದ ಕಸಿ ಗಂಟು ಹುಡುಕಿ, ಸುಣ್ಣದಲ್ಲಿ ಗುರುತು ಹಾಕಿ. ಯಾರಾದರೂ ಕತ್ತರಿ ಹಿಡಿದು ಬಂದರೆ ಮೊದಲು ಆ ಗಂಟು ಎಲ್ಲಿದೆ ತೋರಿಸು ಅನ್ನಿ. ತೋರಿಸದಿದ್ದರೆ ಗಿಡ ಮುಟ್ಟಲು ಬಿಡಬೇಡಿ.