ಹಾರ್ಡ್‌ಶೆಲ್ ರೂಫ್‌ಟಾಪ್ ಟೆಂಟ್: ಪುಣೆ ಮಳಿಯಾಗ ಬಳಸಿ ಬರದದ್ದು

ನಮ್ಮ ಗಾಡಿ ಮ್ಯಾಲೆ ಟೆಂಟ್ ನೋಡಿದಾಗಿಂದ ಆಫೀಸಿನಾಗಿನ ಬೆಳಗಾವಿ, ಹುಬ್ಬಳ್ಳಿ ಕಡೆ ಮಂದಿ ಎಲ್ಲಾ ಯಾವ್ದು ತಗೊಳ್ಳೋಣ ಅಂತ ಕೇಳಾಕತ್ತಾರ, ಅದಕ್ಕ ಒಂದೇ ಕಡೆ ಬರದಿಟ್ರ ಛಲೋ ಅನಸ್ತು. ನಮ್ಮದು ಹಾರ್ಡ್‌ಶೆಲ್, ಅಂದ್ರ ಗಟ್ಟಿ ಪೆಟ್ಟಿಗಿಯಂಗ ಮುಚ್ಚೋ ಟೆಂಟ್, ಅಲ್ಯೂಮಿನಿಯಂ ಶೆಲ್, ಒಂದು ಕಡೆಯಿಂದ ಬಾಯಿ ತೆರೆಯೋ ವೆಜ್ ಮಾದರಿ, ಪುಣೆ ಹತ್ರದ ಭೋಸರಿ ಕಡೆ ಒಬ್ಬ ಫ್ಯಾಬ್ರಿಕೇಟರ್ ಹತ್ರ ಮಾಡಿಸಿದ್ದು. ತೂಕ 65 ಕೆಜಿ, ಇಬ್ಬರು ಆರಾಮ ಮಲಗಬಹುದು, ಮೂರನೇವ್ರು ಬಂದ್ರ ಕಷ್ಟ.

ಟೆಂಟ್ ನೋಡೂಕಿಂತ ಮೊದ್ಲ ಗಾಡಿ ಓನರ್ಸ್ ಮ್ಯಾನ್ಯುಯಲ್ ತಗದು ರೂಫ್ ಲೋಡ್ ಎಷ್ಟಂತ ನೋಡ್ರಿ. ಅಲ್ಲಿ ಬರದಿರೋದು ಗಾಡಿ ಓಡುವಾಗಿನ ಲೆಕ್ಕ, ಡೈನಾಮಿಕ್ ಲೋಡ್ ಅಂತಾರ, ಭಾಳಷ್ಟು ಎಸ್‌ಯುವಿಗೆ 75ರಿಂದ 100 ಕೆಜಿ ಇರ್ತದ, ಕೆಲವಕ್ಕ ಅದಕ್ಕಿಂತ ಕಡಿಮಿ. ಅದರಾಗ ಟೆಂಟ್ ಒಂದೇ ಅಲ್ಲ, ಟೆಂಟ್ ಕೂಡಸಾಕ ಛತ್ತಿನ ಮ್ಯಾಲೆ ಅಡ್ಡ ಹಾಕೋ ಕ್ರಾಸ್‌ಬಾರ್ ತೂಕಾನೂ ಸೇರ್ತದ. ರಾತ್ರಿ ಇಬ್ಬರು ಮಲಗಿದ್ರ ಎಲ್ಲಾ ಸೇರಿ 200 ಕೆಜಿ ದಾಟ್ತದಲ್ಲ, ಛತ್ತು ಕುಸಿಯಂಗಿಲ್ಲೇನು ಅಂತ ಕೇಳ್ತಾರ. ನಿಂತ ಗಾಡಿ ಮ್ಯಾಲೆ ಬ್ರೇಕು, ತಿರುವು, ತಗ್ಗಿನ ಜಗ್ಗಾಟ ಬೀಳಂಗಿಲ್ಲ, ಅದಕ್ಕ ನಿಂತಾಗ ಛತ್ತು ಎಷ್ಟೋ ಪಟ್ಟು ಹೆಚ್ಚು ತಡಕೋತದ. ಆದ್ರ ರೇಲು, ಕ್ರಾಸ್‌ಬಾರು ಗಟ್ಟಿ ಇರಬೇಕು. ನಮ್ಮಲ್ಲಿ ಮಾರೋ ಎಷ್ಟೋ ಗಾಡಿಗಳ ರೂಫ್ ರೇಲ್ ಬರೇ ಚೆಂದಕ್ಕ ಕೂಡಿಸಿದ್ದು, ಅದಕ್ಕ ಟೆಂಟ್ ಕಟ್ಟಿಕೊಂಡು ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಇಳಿದ್ರ ನಿಮಗೂ ಅಪಾಯ, ಹಿಂದಿನ ಗಾಡಿಯವರಿಗೂ ಅಪಾಯ.

ಎರಡನೇದು ಎತ್ತರ. ಗಾಡಿ 1.85 ಮೀಟರ್, ಕ್ರಾಸ್‌ಬಾರ್ ಮತ್ತ ಮುಚ್ಚಿದ ಟೆಂಟ್ ಸೇರಿ ಸುಮಾರು 30 ಸೆಂಟಿಮೀಟರ್, ಅಂದ್ರ 2.15 ಆತು. ಬೇಸ್‌ಮೆಂಟ್ ಬಾಗಿಲದಾಗ 2.1 ಮೀಟರ್ ಅಂತ ಬೋರ್ಡ್ ಇದ್ರ ಮುಗೀತು, ಒಳಗ ಹೋಗಂಗಿಲ್ಲ. ವಾರದ ದಿನ ಇಳಿಸಿಡ್ತೀವಿ ಅನ್ನೋರು ತಿಳ್ಕೊರಿ, 65 ಕೆಜಿ ಇಳಸಾಕ ನಾಕು ಮಂದಿ ಬೇಕು, ಫ್ಲ್ಯಾಟಿನಾಗ ಇಡಾಕ ಜಾಗಾನೂ ಬೇಕು. ಹಾಕಿದ್ರ ಅದು ಅಲ್ಲೇ ಇರ್ತದ ಅಂತ ತಿಳದೇ ತಗೋರಿ.

ಈಗ ಮಳಿ ವಿಷಯ, ನಾ ಹಾರ್ಡ್‌ಶೆಲ್ ಯಾಕ ಆರಿಸಿದೆ ಅಂದ್ರ ಇದಕ್ಕ. ಮಡಚಿ ಕವರಿನಾಗ ಇಡೋ ಸಾಫ್ಟ್‌ಶೆಲ್ ಟೆಂಟ್ ಕಡಿಮಿ ರೊಕ್ಕಕ್ಕ ಬರ್ತದ ಖರೆ, ಆದ್ರ ಪುಣೆ ಹತ್ರದ ಮುಳಶಿ ಕಡೆ ಜುಲೈ ತಿಂಗಳದಾಗ ಒಮ್ಮೆ ಮಳಿ ಹಿಡೀತಂದ್ರ ಬಿಡಂಗಿಲ್ಲ, ಆ ಮಳಿಯಾಗ ಗಾಡಿ ಮ್ಯಾಲೆ ನಿಂತು ಪಿವಿಸಿ ಕವರ್ ತಗದು ಬಿಚ್ಚಿ ಹರಡೂತನಕ ಹಾಸಿಗಿ ತೊಯ್ದು ಹೋಗ್ತದ, ಮುಂಜಾನೆ ಮತ್ತ ಹಸಿ ಬಟ್ಟಿ ಒತ್ತಿ ಒತ್ತಿ ಕವರಿನಾಗ ತುರುಕಬೇಕು. ಹಾರ್ಡ್‌ಶೆಲ್ಲಿನಾಗ ಎರಡು ಲ್ಯಾಚ್ ತಗದ್ರ ಗ್ಯಾಸ್ ಸ್ಟ್ರಟ್ (ಗ್ಯಾಸ್ ತುಂಬಿದ ಎತ್ತೋ ದಂಡ) ತಾನ ಎತ್ತತದ, ಹಾಸಿಗಿ ಒಳಗ ಒಣಗಿದ್ದು ಒಣಗಿದಂಗ ಇರ್ತದ. ನೇರ ಮ್ಯಾಲೆ ಏಳೋ ಪಾಪ್‌ಅಪ್ ಮಾದರಿ ಒಳಗ ನಾಕೂ ಕಡೆ ಕೂಡಾಕ ಆಗ್ತದ, ಆದ್ರ ಗಾಳಿಗೆ ನಾಕೂ ಗ್ವಾಡಿ ಒಡ್ಡಿದಂಗ. ವೆಜ್ಜಿನಾಗ ಕಾಲ ಕಡೆ ತಗ್ಗು, ಆದ್ರ ಸಹ್ಯಾದ್ರಿ ಗಾಳಿಗೆ ಅದ ಛಲೋ, ಹಿಂಜ್ ಇರೋ ಕಡೆ ಗಾಳಿಗೆ ಮುಖ ಮಾಡಿ ಗಾಡಿ ನಿಲ್ಲಿಸಿದ್ರ ಗಾಳಿ ಶೆಲ್ ಮ್ಯಾಲಿಂದ ಜಾರಿ ಹೋಗ್ತದ. ಬಾಯಿ ಕಡೆ ಗಾಳಿ ಹೊಡದ್ರ ಇಡೀ ರಾತ್ರಿ ಬಟ್ಟಿ ಪಟಪಟ ಅಂತದ, ನಿದ್ದಿ ಬರಂಗಿಲ್ಲ.

ಬಟ್ಟಿ ಪಾಲಿಕಾಟನ್ (ಹತ್ತಿ, ಪಾಲಿಯೆಸ್ಟರ್ ಕೂಡಿದ) ಕ್ಯಾನ್ವಾಸ್ ಇರಲಿ, 280 ಜಿಎಸ್‌ಎಂ ಆಸುಪಾಸು, ಅಂದ್ರ ಚದರ ಮೀಟರಿಗೆ 280 ಗ್ರಾಂ ತೂಕದ್ದು. ಹೊಸಾದನ್ನ ಮೊದ್ಲ ಒಮ್ಮೆ ಪೂರ್ತಿ ತೋಯಿಸಿ ಪೂರ್ತಿ ಒಣಗಸ್ರಿ, ನೂಲು ಉಬ್ಬಿ ಹೊಲಿಗಿ ತೂತು ಮುಚ್ಕೋತಾವ.

ಡಿಸೆಂಬರಿನಾಗ ಬ್ಯಾರೆ ಸಮಸ್ಯಾ. ಪವನಾ ಡ್ಯಾಮ್ ಹತ್ರ ರಾತ್ರಿ ಛಳಿ ಬಿದ್ದಾಗ ಅಲ್ಯೂಮಿನಿಯಂ ತಣ್ಣಗಾಗ್ತದ, ನಮ್ಮ ಉಸಿರಿನ ಆವಿ ಅದಕ್ಕ ಹೋಗಿ ನೀರಾಗಿ ಇಳೀತದ, ಮುಂಜಾನೆ ಎದ್ದವ್ರು ಟೆಂಟ್ ಸೋರೇತಿ ಅಂತಾರ, ಅದು ಸೋರಿದ್ದಲ್ಲ. ಎರಡೂ ಬಾಜೂ ಕಿಡಕಿ ನಾಕ ಬೆರಳಷ್ಟು ತೆಗೆದಿಡ್ರಿ, ಶೆಲ್ ಒಳಗ ಲೈನಿಂಗ್ ಇರೋ ಟೆಂಟನ್ನೇ ತಗೋರಿ. ಹಾಸಿಗಿ ಕೆಳಗೂ ಹಂಗ ತೇವ ಕೂಡ್ತದ, ಗಾಳಿ ಆಡೋ ಜಾಳಿಗಿ ಮ್ಯಾಟ್ ಹಾಕಲಿಲ್ಲಂದ್ರ ಬೂಷ್ಟು ಗ್ಯಾರಂಟಿ, ಕೊಂಕಣ ಕಡೆ ಹೋದ್ರಂತೂ ಇನ್ನೂ ಬೇಗ. ಮನಿಗೆ ಬಂದ ಮರುದಿನ ಪಾರ್ಕಿಂಗಿನಾಗ ತೆರದು ಒಣಗಸೂದು ಬಿಡಬ್ಯಾಡ್ರಿ. ಛಳಿ ಅಂತ ಒಳಗ ಸಿಗಡಿ, ಗ್ಯಾಸ್ ಸ್ಟೋವ್ ಹಚ್ಚೂದು ಎಂದಿಗೂ ಬ್ಯಾಡ, ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಮಲಗಿದಲ್ಲೇ ಜೀವ ಹೋಗ್ತದ.

ನಮ್ಮ ಟೆಂಟಿನ ಕೊರತಿನೂ ಹೇಳ್ತೀನಿ. ಕೊಟ್ಟ ಹಾಸಿಗಿ 5 ಸೆಂಟಿಮೀಟರ್ ಫೋಮ್, ಒಂದು ಬಾಜೂ ಮಲಗಿದ್ರ ಸೊಂಟಕ್ಕ ಕೆಳಗಿನ ಪಟ್ಟಿ ತಾಕ್ತದ, 7 ಸೆಂಟಿಮೀಟರ್ ಬೇಕಂತ ಮೊದ್ಲ ಹೇಳ್ರಿ, ಅದರ ಮ್ಯಾಲೆ ಟೆಂಟ್ ಮುಚ್ತದೋ ಇಲ್ಲೋ ಅದನ್ನೂ ನೋಡ್ರಿ. ಏಣಿಯ ರಬ್ಬರ್ ಕಾಲು ಕೆಸರಿನಾಗ ಜಾರ್ತದ, ಕೆಳಗೊಂದು ಹಲಗಿ ಇಡ್ತೀವಿ. ಮೊಣಕಾಲು ನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರಿಗೆ ಇದು ಆಗಿಬರಂಗಿಲ್ಲ, ನಡುರಾತ್ರಿ ಎದ್ದು ಇಳಿಯೂದು ಅವರಿಗೆ ಭಾಳ ತ್ರಾಸು. ಮೈಲೇಜ್ ಸ್ವಲ್ಪ ಇಳೀತದ, ಹೈವೇದಾಗ ಗಾಳಿ ಸಪ್ಪಳ ಬರ್ತದ, ಭಾರ ಮ್ಯಾಲೆ ಇರೋದಕ್ಕ ತಿರುವಿನಾಗ ಗಾಡಿ ವಾಲ್ತದ, ಸಾವಕಾಶ ಹೊಡೀರಿ. ಫಿಟ್ ಮಾಡಿಸಿ ಮೊದ್ಲ 100 ಕಿಲೋಮೀಟರ್ ಓಡಿದ ಮ್ಯಾಲೆ ಬೋಲ್ಟ್ ಎಲ್ಲಾ ಮತ್ತ ಬಿಗಿ ಮಾಡ್ರಿ.

ನಿಲ್ಲಿಸೂದು ಎಲ್ಲಿ ಅಂದ್ರ ಹೋಮ್‌ಸ್ಟೇ ಅಂಗಳ ಎಲ್ಲಕ್ಕಿಂತ ಛಲೋ, ಟಾಯ್ಲೆಟ್ ಸಿಗ್ತದ, ಊರವ್ರಿಗೂ ಎರಡು ರೂಪಾಯಿ ಆಗ್ತದ. ಪುಣೆ ಹತ್ರದ ತಾಮ್ಹಿಣಿ ಅಭಯಾರಣ್ಯದಾಗ ಪರವಾನಗಿ ಇಲ್ಲದ ಹೋಗಿ ನಿಲ್ಲಬ್ಯಾಡ್ರಿ, ಗೋವಾದಾಗ ಬೀಚ್ ಮ್ಯಾಲೆ ಗಾಡಿ ಇಳಸೂದಕ್ಕ ನಿಷೇಧ ಅದ.

ಲಕ್ಷ ರೂಪಾಯಿ ಮ್ಯಾಲಿನ ಮಾತು, ಅದಕ್ಕ ಫೋಟೋ ನೋಡಿ ಅಡ್ವಾನ್ಸ್ ಕೊಡಬ್ಯಾಡ್ರಿ. ಅವ್ರ ವರ್ಕ್‌ಶಾಪಿಗೇ ಹೋಗಿ, ಟೆಂಟ್ ತೆರಸಿ, ಒಳಗ ಇಬ್ಬರೂ ಮಲಗಿ ನೋಡಿ, ಆಮ್ಯಾಲೆ ಹೊರಗಿನಿಂದ ಹದಿನೈದು ನಿಮಿಷ ಪೈಪಿನಿಂದ ನೀರು ಬಿಡಸ್ರಿ. ಹಿಂಜ್ ಹತ್ರ, ಕಿಡಕಿ ಹೊಲಿಗಿ ಹತ್ರ ಕೈ ಆಡಿಸಿ ನೋಡ್ರಿ. ನೀರು ಬಿಡಾಕ ಒಲ್ಲೆ ಅನ್ನೋರ ಹತ್ರ ತಗೋಬ್ಯಾಡ್ರಿ.