‘ಲ್ಯಾಂಡ್‌ಲೈನೇ ಸರ್, ಎಲ್ಲಾ ಸೇಮ್’ ಅಂದರೆ ನಂಬಬೇಡಿ

ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇದ್ದಾರಾ? ಹಳೆ ಲ್ಯಾಂಡ್‌ಲೈನ್ ತೆಗೆಸಿ, ಬ್ರಾಡ್‌ಬ್ಯಾಂಡ್ (ಫೈಬರ್ ಇಂಟರ್ನೆಟ್) ಜೊತೆ ಫ್ರೀ ಬರುವ ಫೋನ್ ಹಾಕಿಸುವ ಯೋಚನೆ ಇದೆಯಾ? ಹಾಗಿದ್ದರೆ ಇದನ್ನು ಓದಿ. ಅದೂ ಮಳೆಗಾಲಕ್ಕೆ ಮುಂಚೆ.

ನಮ್ಮ ಮನೆ ಮಣಿಪಾಲ ದಾಟಿ ಪರ್ಕಳದ ಕಡೆ, ಇಳಿಜಾರಿನಲ್ಲಿ. ಸುತ್ತ ತೆಂಗು, ಹಲಸು. ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದೇ ಇಲ್ಲ. ಜಗಲಿಯ ತುದಿಗೆ ಹೋಗಿ ನಿಂತರೆ ಒಂದೆರಡು ಕಡ್ಡಿ ಕಾಣುತ್ತದೆ, ಅಷ್ಟೇ. ನಾನಿರುವುದು ಮಂಗಳೂರಿನಲ್ಲಿ, ತಂಗಿ ಅಬುಧಾಬಿಯಲ್ಲಿ. ಅಲ್ಲಿಂದ ವಾಟ್ಸಾಪ್ ಕಾಲ್ ಆಗುವುದಿಲ್ಲ, ಹಾಗಾಗಿ ಅವಳು ನೇರ ಮನೆಯ 0820 ನಂಬರಿಗೇ ಮಾಡುತ್ತಿದ್ದಳು. ಅಪ್ಪ ಅಮ್ಮನಿಗೆ ಆ ಫೋನೇ ಎಲ್ಲಾ.

ಹಳೆ ಲೈನ್ ಏನು ಭಾರೀ ಚೆನ್ನಾಗಿತ್ತು ಅಂತಲ್ಲ. ಮಳೆ ಶುರುವಾದರೆ ಗರಗರ ಸದ್ದು. ಕೇಬಲ್ ಜಾಯಿಂಟಿಗೆ ನೀರು ಹೋದರೆ ವಾರಗಟ್ಟಲೆ ಸತ್ತು ಬಿದ್ದಿರುತ್ತಿತ್ತು. ಅದರಿಂದ ಬೇಸತ್ತಿರುವಾಗಲೇ ಬೇರೊಂದು ಕಂಪೆನಿಯ ಹುಡುಗ ಬಂದ. “ಅಂಕಲ್, ಇದೂ ಲ್ಯಾಂಡ್‌ಲೈನೇ. ಎಲ್ಲಾ ಸೇಮ್. ನಂಬರೂ ಅದೇ ಇರ್ತದೆ. ಕಾಲ್ ಪೂರಾ ಫ್ರೀ.” ಅಪ್ಪ ಒಪ್ಪಿದರು, ಹಳೆ ಕನೆಕ್ಷನ್ ಸರೆಂಡರ್ ಮಾಡಿದರು.

ಮೊದಲ ಪೆಟ್ಟು ನಂಬರಿನದು. ಹೊಸ ಫೋನಿಗೆ ಬಂದದ್ದು ಹೊಸ ನಂಬರ್. ಮೊಬೈಲ್ ನಂಬರನ್ನು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಒಯ್ಯುವ ವ್ಯವಸ್ಥೆ ದೇಶದಾದ್ಯಂತ 2011ರಿಂದ ಇದೆ. ಲ್ಯಾಂಡ್‌ಲೈನಿಗೆ ಆ ಸೌಲಭ್ಯ ಇಲ್ಲ. ಅಂದರೆ ಆ ಹುಡುಗ ಹೇಳಿದ್ದು ಆಗುವ ಮಾತೇ ಅಲ್ಲ. ಗ್ಯಾಸ್ ಏಜೆನ್ಸಿ, ಡಾಕ್ಟರು, ದೇವಸ್ಥಾನ, ಬೊಂಬಾಯಿಯ ನೆಂಟರು, ಎಲ್ಲರ ಹತ್ತಿರ ಇದ್ದದ್ದು ಹಳೆ ನಂಬರ್. ಅಮ್ಮ ಇವತ್ತಿಗೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತಾರೆ.

ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ.

ಜುಲೈ ತಿಂಗಳ ಒಂದು ರಾತ್ರಿ. ಜೋರು ಗಾಳಿಮಳೆ, ಸಂಜೆಯೇ ಕರೆಂಟ್ ಹೋಗಿತ್ತು. ನಡುರಾತ್ರಿ ಅಪ್ಪನಿಗೆ ಉಸಿರು ಕಟ್ಟಲು ಶುರುವಾಯಿತು. ಅಮ್ಮ ಮೆಟ್ಟಿಲು ಹತ್ತಿ ಹೋಗಿ ರಿಸೀವರ್ ಎತ್ತಿದರು. ಸದ್ದೇ ಇಲ್ಲ. ಇಟ್ಟು ಮತ್ತೆ ಎತ್ತಿದರು, ಗುಂಡಿಯನ್ನು ಒತ್ತಿ ಒತ್ತಿ ನೋಡಿದರು. ಇನ್ವರ್ಟರ್ ಇದ್ದದ್ದರಿಂದ ಲೈಟ್ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು. ಹಾಗಾಗಿ ಫೋನ್ ಯಾಕೆ ಸತ್ತಿದೆ ಅಂತ ಅವರಿಗೆ ಹೊಳೆಯಲೇ ಇಲ್ಲ. ಮೊಬೈಲ್ ಹಿಡಿದುಕೊಂಡು ಜಗಲಿಗೆ ಬಂದರೆ ಆ ಮಳೆಗೆ ಇದ್ದ ಕಡ್ಡಿಯೂ ಮಾಯ. ಕೊನೆಗೆ ಟಾರ್ಚ್ ಹಿಡಿದು, ಜಾರುವ ಅಂಗಳ ದಾಟಿ, ಪಕ್ಕದ ಮನೆಯ ಬಾಗಿಲು ಬಡಿದರು. ಅವರೇ ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಅಪ್ಪ ಈಗ ಆರಾಮಿದ್ದಾರೆ. ಪಕ್ಕದ ಮನೆಯವರು ಊರಲ್ಲಿ ಇಲ್ಲದಿರುತ್ತಿದ್ದರೆ ಏನು ಕಥೆ ಅಂತ ಯೋಚಿಸಲಿಕ್ಕೂ ನನಗೆ ಇಷ್ಟವಿಲ್ಲ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಾರುವವರು ಹೇಳುವುದಿಲ್ಲ. ಹಳೆ ತಾಮ್ರದ ತಂತಿಯ ಫೋನಿಗೆ ಕರೆಂಟ್ ಬರುತ್ತಿದ್ದದ್ದು ಎಕ್ಸ್‌ಚೇಂಜಿನಿಂದ, ಅದೇ ತಂತಿಯಲ್ಲಿ, 48 ವೋಲ್ಟ್. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಸಾಲು ಇರುತ್ತದೆ. ಇಡೀ ಊರಿಗೆ ಕರೆಂಟ್ ಇಲ್ಲದಿದ್ದರೂ ಡಯಲ್ ಟೋನ್ ಇರುತ್ತಿದ್ದದ್ದು ಅದಕ್ಕೇ. ಹೊಸ ಫೋನ್ ಬಂದದ್ದು ಫೈಬರಿನಲ್ಲಿ. ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಮನೆಯಲ್ಲಿ ಅವರು ಗೋಡೆಗೆ ಹಾಕುವ ಪೆಟ್ಟಿಗೆ (ರೌಟರ್) ನಮ್ಮ ಕರೆಂಟಿನಲ್ಲೇ ನಡೆಯಬೇಕು. ನಮ್ಮ ಮನೆಯಲ್ಲಿ ಅದನ್ನು ಕೇಬಲ್ ಒಳಗೆ ಬಂದ ಜಾಗದಲ್ಲೇ, ಮಹಡಿಯ ಕೋಣೆಯಲ್ಲಿ ಹೊಡೆದು ಹೋಗಿದ್ದರು. ಅಲ್ಲಿನ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಇಲ್ಲ. ಫೋನನ್ನೂ ಪೆಟ್ಟಿಗೆಗೇ ಚುಚ್ಚಿದ್ದರಿಂದ ಅಡುಗೆಮನೆಯಲ್ಲಿದ್ದ ಪ್ಯಾರಲಲ್ ಫೋನ್ (ಹಳೆ ಲೈನಿಗೇ ಸೇರಿಸಿದ್ದ ಎರಡನೇ ಫೋನ್) ಸುಮ್ನೆ ಅಲಂಕಾರಕ್ಕೆ ಉಳಿಯಿತು. ಎಪ್ಪತ್ತು ದಾಟಿದವರು ಫೋನಿಗಾಗಿ ಮಹಡಿ ಹತ್ತಬೇಕು!

ಕಂಪೆನಿಗೆ ಫೋನ್ ಮಾಡಿದರೆ, “ನಿಮ್ಮ ಮನೆಯ ಕರೆಂಟ್ ಹೋದರೆ ನಾವೇನು ಮಾಡೋದು ಸರ್?” ನಿಜವೇ. ಆದರೆ ಹಾಕುವ ದಿನ ಈ ಮಾತು ಹೇಳಬಹುದಿತ್ತು, ಅಲ್ವಾ?

ಪೆಟ್ಟಿಗೆಗೆ ಇನ್ವರ್ಟರ್ ಲೈನ್ ಎಳೆಸಿದೆವು. ಅಲ್ಲಿಗೂ ಮುಗಿಯಲಿಲ್ಲ. ಈ ಕೇಬಲ್ ಬರುವುದು ಕರೆಂಟ್ ಕಂಬದಿಂದ ಕಂಬಕ್ಕೆ ಜೋತಾಡಿಕೊಂಡು. ಒಂದು ತೆಂಗಿನ ಮಡಲು ಬಿದ್ದರೆ ಸಾಕು, ಪೆಟ್ಟಿಗೆಯಲ್ಲಿ ‘ಎಲ್ಒಎಸ್’ ಅಂತ ಬರೆದ ಕಡೆ ಕೆಂಪು ದೀಪ ಮಿನುಗಲು ಶುರು. ಬೆಳಕು ಬರುತ್ತಿಲ್ಲ ಅಂತ ಅರ್ಥ. ಆಗ ಇಂಟರ್ನೆಟ್ಟೂ ಇಲ್ಲ, ಫೋನೂ ಇಲ್ಲ, ಎರಡೂ ಒಟ್ಟಿಗೆ. ಇನ್ನೊಮ್ಮೆ ನಮ್ಮಲ್ಲಿ ಎಲ್ಲಾ ಸರಿ ಇತ್ತು, ಆದರೆ ದಾರಿಯಲ್ಲಿ ಯಾರದೋ ಮನೆಯ ಗೋಡೆಗೆ ಕಂಪೆನಿಯವರು ಕೂರಿಸಿದ್ದ, ಲೈನನ್ನು ಮನೆಮನೆಗೆ ಹಂಚುವ ಸ್ವಿಚ್ ಪೆಟ್ಟಿಗೆಯ ಬ್ಯಾಟರಿ ಖಾಲಿ. ಅದಕ್ಕೆ ನಾವೇನು ಇನ್ವರ್ಟರ್ ಕೊಡಲಿಕ್ಕಾಗುತ್ತದಾ?

ಫೈಬರಿನಲ್ಲಿ ಒಳ್ಳೆಯದೂ ಇದೆ. ಗರಗರ ಇಲ್ಲ, ಧ್ವನಿ ಸ್ವಚ್ಛ. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಪೆಟ್ಟಿಗೆಯ ಅಡಾಪ್ಟರ್ ಮಾತ್ರ ಸಿಡಿಲಿಗೆ ಸುಡಬಹುದು, ಗುಡುಗುವಾಗ ಪ್ಲಗ್ ತೆಗೆಯಬೇಕು. ತೆಗೆದರೆ ಮತ್ತೆ ಫೋನ್ ಇಲ್ಲ, ನೋಡಿ! ‘ನೂರು ಎಂಬಿ ಪ್ಲಾನ್ ತೆಗೆದುಕೊಂಡರೆ ಕಾಲ್ ಕ್ಲಿಯರ್’ ಅನ್ನುವುದಂತೂ ಬರೀ ವ್ಯಾಪಾರ. ಒಂದು ಫೋನ್ ಕರೆಗೆ 100 ಕೆಬಿಪಿಎಸ್, ಅಂದರೆ ಒಂದು ಎಂಬಿಯ ಹತ್ತನೇ ಒಂದು ಪಾಲು ಕೂಡ ಬೇಡ.

ಹಾಕಿಸಲೇಬೇಕಾದರೆ ಹಳೆ ಲೈನನ್ನು ಮಾತ್ರ ತಕ್ಷಣ ಸರೆಂಡರ್ ಮಾಡಬೇಡಿ. ಒಂದು ಮಳೆಗಾಲ ಎರಡೂ ಇರಲಿ, ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಹಳೆ ಕಂಪೆನಿಯವರೇ ಫೈಬರ್ ಕೊಡುತ್ತಾರಾ, ನಂಬರ್ ಉಳಿಸಿಕೊಡುತ್ತಾರಾ ಅಂತ ಮೊದಲು ಅಲ್ಲೇ ವಿಚಾರಿಸಿ. ಪೆಟ್ಟಿಗೆ ಎಲ್ಲಿ ಕೂರಬೇಕು ಅಂತ ನೀವೇ ಹೇಳಿ, ಕೇಬಲ್ ಎರಡು ಮೀಟರ್ ಜಾಸ್ತಿ ಎಳೆಯಲು ಅವರಿಗೇನೂ ಕಷ್ಟ ಇಲ್ಲ. ಹಾಕಿದ ದಿನವೇ, ಹುಡುಗರು ಹೊರಡುವ ಮುಂಚೆ, ಮೈನ್ ಸ್ವಿಚ್ ಆಫ್ ಮಾಡಿ ಫೋನ್ ನಡೆಯುತ್ತದಾ ನೋಡಿ. 112, 108ಕ್ಕೆ ಕರೆ ಹೋಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಕಾರ್ಡ್‌ಲೆಸ್ ಫೋನ್ ಬೇಡ, ಅದರ ಬೇಸಿಗೆ ಬೇರೆ ಕರೆಂಟ್ ಬೇಕು. ಇನ್ವರ್ಟರ್ ಇಲ್ಲದವರಿಗೆ ರೌಟರಿಗೆಂದೇ ಚಿಕ್ಕ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಎರಡೂ ಹೊಂದುತ್ತವಾ ನೋಡಿ. ದೂರು ಕೊಟ್ಟಾಗಲೆಲ್ಲ ಡಾಕೆಟ್ ನಂಬರ್ (ದೂರಿನ ನಂಬರ್) ಬರೆದಿಡಿ. ಅದಿಲ್ಲದೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರದವರು ಮಾತೇ ಆಡುವುದಿಲ್ಲ.

ನಾವೀಗ ಚಾವಡಿಯಲ್ಲಿ ಸಿಮ್ ಹಾಕುವ ಟೇಬಲ್ ಫೋನ್ ಇಟ್ಟಿದ್ದೇವೆ. ನೋಡಲು ಹಳೆ ಫೋನಿನ ಹಾಗೇ ಇದೆ, ಒಳಗೆ ಬ್ಯಾಟರಿ ಇದೆ, ಆಂಟೆನಾದ ವೈರನ್ನು ಜಗಲಿಯ ಮಾಡಿನವರೆಗೆ ಎಳೆದಿದ್ದೇವೆ. ನೀವೂ ಇದನ್ನು ಕೊಳ್ಳುವುದಾದರೆ, ಯಾವ ಕಂಪೆನಿಯ ಸಿಗ್ನಲ್ ನಿಮ್ಮ ಮನೆಗೆ ಸಿಗುತ್ತದೆ ಅಂತ ಮೊದಲು ಬೇರೆ ಬೇರೆ ಸಿಮ್ ಹಾಕಿ ನೋಡಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸುಮಾರು ಮಾಡೆಲ್‌ಗಳು ಬರೀ 2ಜಿ. ಜಿಯೋಗೆ 2ಜಿ ಇಲ್ಲ, ಆ ಸಿಮ್ ಹಾಕುವವರು 4ಜಿ ವೋಲ್ಟಿ (VoLTE, 4ಜಿಯಲ್ಲೇ ಕರೆ ಹೋಗುವ ವ್ಯವಸ್ಥೆ) ಇರುವುದನ್ನೇ ಕೇಳಿ ತೆಗೆದುಕೊಳ್ಳಿ.